ಇಟ್ಯಾಬ್ಸ್ ಕಲಿಯುವ ಮುನ್ನ 400ನ್ನು 9.81ರಿಂದ ಭಾಗಿಸಿ

ಸ್ಟ್ರಕ್ಚರಲ್ ಡೈನಾಮಿಕ್ಸ್, ಅಂದರೆ ಕಟ್ಟಡಗಳು ತೂಗಾಡುವ ಲೆಕ್ಕ, ತಲೆಗೆ ಹತ್ತುತ್ತಿಲ್ಲ, ಗಣಿತವನ್ನು ಮೊದಲಿನಿಂದ ಓದಲೇ, ನೇರವಾಗಿ ಕಟ್ಟಡ ವಿನ್ಯಾಸದ ಸಾಫ್ಟ್‌ವೇರ್ ಆದ ಇಟ್ಯಾಬ್ಸ್ ಕಲಿಯಲೇ, ಬೆಂಗಳೂರಿನಲ್ಲಿ ಇದೆಲ್ಲ ಅಷ್ಟು ಬೇಕೇ ಎಂದು ಕೇಳಿದ್ದೀರಿ. ನಾನು ಇಟ್ಯಾಬ್ಸ್ ಆರಿಸಿಕೊಂಡು, ಮೂರು ತಿಂಗಳ ಕೋರ್ಸಿಗೆ ದುಡ್ಡು ಕಟ್ಟಿ, ಕೊನೆಗೆ ಜಯನಗರದ ಒಂದು ಕನ್ಸಲ್ಟೆನ್ಸಿಯ ಸಂದರ್ಶನದಲ್ಲಿ ಒಂದೇ ಒಂದು ಭಾಗಾಕಾರ ಮರೆತು ಕೈಗೆ ಬಂದಿದ್ದ ಕೆಲಸವನ್ನು ಕಳೆದುಕೊಂಡವನು.

ಅಲ್ಲಿ ಕೊಟ್ಟಿದ್ದು ಸಣ್ಣ ಲೆಕ್ಕ. ನೀರು ತುಂಬಿದ ಓವರ್‌ಹೆಡ್ ಟ್ಯಾಂಕಿನ ತೂಕ 400 ಕಿಲೋನ್ಯೂಟನ್, ಅದನ್ನು ಹೊತ್ತ ಕಂಬಗಳ ಒಟ್ಟು ಸ್ಟಿಫ್‌ನೆಸ್, ಅಂದರೆ ಬಾಗಲು ಒಡ್ಡುವ ಪ್ರತಿರೋಧ, ಮೀಟರಿಗೆ 6400 ಕಿಲೋನ್ಯೂಟನ್. ನ್ಯಾಚುರಲ್ ಪೀರಿಯಡ್, ಅಂದರೆ ಅದು ಒಮ್ಮೆ ತೂಗಿ ಮರಳಲು ಹಿಡಿಯುವ ಕಾಲ ಎಷ್ಟು? ನಾನು 6400ನ್ನು 400ರಿಂದ ಭಾಗಿಸಿದೆ. 16 ಬಂತು, ಅದರ ವರ್ಗಮೂಲ 4. ಇಷ್ಟು ಚೊಕ್ಕವಾಗಿ ಬಂದ ಸಂಖ್ಯೆ ತಪ್ಪಿರಲಾರದು ಎಂಬ ಧೈರ್ಯದಲ್ಲಿ ಎರಡು ಪೈಯನ್ನು 4ರಿಂದ ಭಾಗಿಸಿ, 1.57 ಸೆಕೆಂಡ್ ಎಂದು ಬರೆದು, ಕೆಳಗೆ ಗೆರೆಯನ್ನೂ ಎಳೆದೆ.

ಹಿರಿಯ ಎಂಜಿನಿಯರ್ ಹಾಳೆಯನ್ನು ನೋಡಿ, "ಟ್ಯಾಂಕು ಇಷ್ಟು ನಿಧಾನವಾಗಿ ತೂಗುತ್ತದೇನಪ್ಪ, ಅದೇನು ಉಯ್ಯಾಲೆಯೇ?" ಎಂದರು.

400 ಎಂಬುದು ಭಾರ, ದ್ರವ್ಯರಾಶಿಯಲ್ಲ. ಅದನ್ನು ಗುರುತ್ವ ವೇಗೋತ್ಕರ್ಷವಾದ 9.81ರಿಂದ ಭಾಗಿಸಿದರೆ ಸುಮಾರು 40.8 ಟನ್ ಆಗುತ್ತದೆ, ಆಗ ಉತ್ತರ ಸರಿಸುಮಾರು 0.5 ಸೆಕೆಂಡ್. ಈ ತಪ್ಪು ಮಾಡಿದವರಿಗೆ ಯಾವ ಕಟ್ಟಡವಾದರೂ ಅವಧಿ 3.13 ಪಟ್ಟು, ಅಂದರೆ 9.81ರ ವರ್ಗಮೂಲದಷ್ಟು, ಹೆಚ್ಚಾಗಿಯೇ ಬರುತ್ತದೆ. ಹೆಚ್ಚಾದರೆ ಏನಾಯಿತು ಎನ್ನುವಂತಿಲ್ಲ. ಭೂಕಂಪ ವಿನ್ಯಾಸದ ಭಾರತೀಯ ಸಂಹಿತೆಯಾದ 2016ರ ಐಎಸ್ 1893, ಭಾಗ 1ರಲ್ಲಿ ಮಧ್ಯಮ ಮಣ್ಣಿಗೆ ಕೊಟ್ಟಿರುವ ವಕ್ರರೇಖೆಯಲ್ಲಿ 0.5 ಸೆಕೆಂಡಿಗೆ ಭೂಕಂಪ ಬಲದ ಗುಣಾಂಕ 2.5, 1.57 ಸೆಕೆಂಡಿಗೆ ಅದು ಸುಮಾರು 0.87. ಟ್ಯಾಂಕಿನ ಮೇಲೆ ಬೀಳುವ ಭೂಕಂಪದ ಬಲವನ್ನು ನಾನು ಪೆನ್ನಿನ ತುದಿಯಲ್ಲೇ ಮೂರನೆಯ ಒಂದು ಭಾಗಕ್ಕೆ ಇಳಿಸಿದ್ದೆ.

ಆದ್ದರಿಂದ ನೀವು ಕೇಳಿದ ಎರಡು ದಾರಿಗಳಲ್ಲಿ ಯಾವುದನ್ನೂ ನಾನು ಒಪ್ಪುವುದಿಲ್ಲ. ಉದ್ದನೆಯ ಸ್ಟೀಲ್ ಸ್ಕೇಲನ್ನು ಮೇಜಿನ ಅಂಚಿಗೆ ಬಿಗಿದು, ತುದಿಗೆ ನಾಣ್ಯಗಳನ್ನು ಟೇಪಿನಿಂದ ಅಂಟಿಸಿ, ಮೊಬೈಲಿನ ಸ್ಲೋ ಮೋಷನ್ನಿನಲ್ಲಿ ಇಪ್ಪತ್ತು ತೂಗಾಟಗಳನ್ನು ಎಣಿಸಿ. ನಾಣ್ಯ ನಾಲ್ಕು ಪಟ್ಟಾದಾಗ ಅವಧಿ ಎರಡು ಪಟ್ಟಿನ ಹತ್ತಿರ ಬರುತ್ತದೆ. ಹೊರಚಾಚಿದ ಉದ್ದವನ್ನು ಅರ್ಧ ಮಾಡಿದರೆ ಸ್ಟಿಫ್‌ನೆಸ್ ಎಂಟು ಪಟ್ಟಾಗುತ್ತದೆ. ಸ್ಕೇಲಿನ ಸ್ವಂತ ತೂಕದಿಂದ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ, ಅದೂ ಗೊತ್ತಾಗಲಿ.

2016ರ ಆ ಸಂಹಿತೆಯ ಪ್ರಕಾರ ಬೆಂಗಳೂರು ಭೂಕಂಪದ ಅಪಾಯ ಕಡಿಮೆಯಿರುವ ಎರಡನೇ ವಲಯದಲ್ಲಿದೆ, ನಿಜ. ಆದರೆ ತೂಗಾಟಕ್ಕೆ ಭೂಕಂಪವೇ ಬೇಕೆಂದಿಲ್ಲ. ನಡೆಯುವಾಗ ನಾವು ಸೆಕೆಂಡಿಗೆ ಸುಮಾರು ಎರಡು ಹೆಜ್ಜೆ ಇಡುತ್ತೇವೆ. ಪಾದಚಾರಿ ಸೇತುವೆಯ ಆವರ್ತನವೂ, ಅಂದರೆ ಅದು ಸೆಕೆಂಡಿಗೆ ತೂಗುವ ಸಲವೂ, ಅಷ್ಟೇ ಇದ್ದರೆ, ವಲಯ ಯಾವುದಾದರೂ ಅದು ಕುಣಿಯುತ್ತದೆ.

ಇಟ್ಯಾಬ್ಸ್ ತೆರೆದಾಗ ಮೊದಲು ಈ ಟ್ಯಾಂಕನ್ನೇ ಒಂದು ಕಂಬ, ತುದಿಯಲ್ಲೊಂದು ದ್ರವ್ಯರಾಶಿ ಎಂದು ಕೂರಿಸಿ. 40.8 ತುಂಬಿದರೆ 0.5 ತೋರಿಸುತ್ತದೆ, 400 ತುಂಬಿದರೆ ಯಾವ ತಕರಾರೂ ಇಲ್ಲದೆ 1.57 ತೋರಿಸುತ್ತದೆ.