ಮಧ್ಯಮ ಗಾತ್ರದ ಡೀಸೆಲ್ ಎಸ್‌ಯುವಿಯಲ್ಲಿ ಹೆಚ್ಚು ಖರ್ಚು ತರುವ ರಿಪೇರಿಗಳು ಯಾವುವು?

ಮೊದಲ ಸ್ಥಾನ ಡಿಪಿಎಫ್‌ಗೆ, ಅಂದರೆ ಹೊಗೆಯ ಮಸಿ ಹಿಡಿಯುವ ಫಿಲ್ಟರ್‌ಗೆ. ಆ ಮಸಿ ಸುಟ್ಟುಹೋಗಲು ಫಿಲ್ಟರ್ ಒಳಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಊರೊಳಗಿನ ಹತ್ತು ನಿಮಿಷದ ಓಡಾಟದಲ್ಲಿ ಅಷ್ಟು ಬಿಸಿ ಏರುವುದೇ ಇಲ್ಲ. ಡ್ಯಾಶ್‌ಬೋರ್ಡ್‌ನಲ್ಲಿ ಡಿಪಿಎಫ್ ಎಚ್ಚರಿಕೆಯ ದೀಪ ಹೊತ್ತಿದ ಕೂಡಲೇ ಹೆದ್ದಾರಿಗೆ ಹೋಗಿ, ಆರ್‌ಪಿಎಂ 2000ದ ಮೇಲಿಟ್ಟು 20 ನಿಮಿಷ ಓಡಿಸಿ. ಬಹಳ ಸಲ ಖರ್ಚಿಲ್ಲದೆ ಮುಗಿಯುತ್ತದೆ. ಕಡೆಗಣಿಸಿದರೆ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ರೀಜನರೇಷನ್, ಅಂದರೆ ಮಸಿ ಸುಡುವ ಕೆಲಸ, ಮಾಡಿಸಬೇಕು, ಅದೂ ಆಗದಿದ್ದರೆ ಹೊಸ ಫಿಲ್ಟರ್. ಗಾಡಿಯ ಅತಿ ದುಬಾರಿ ಬಿಡಿಭಾಗಗಳಲ್ಲಿ ಅದೂ ಒಂದು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರುತ್ತಾ ಬಂದರೆ, ಅರ್ಧಕ್ಕೆ ನಿಂತ ರೀಜನರೇಷನ್‌ಗಳಿಂದ ಡೀಸೆಲ್ ಸೇರಿರುವ ಸಾಧ್ಯತೆ ಹೆಚ್ಚು. ಆಯಿಲ್ ತೆಳುವಾಗಿ ಟರ್ಬೊ ಬೇರಿಂಗ್ ಸವೆಯುವ ಮೊದಲೇ ಆಯಿಲ್ ಬದಲಿಸಿ.

ಕ್ಲಚ್ ವಿಷಯದಲ್ಲಿ ಬಿಲ್ ಏರಿಸುವುದು ಗೇರ್‌ಬಾಕ್ಸ್ ಇಳಿಸುವ ಕೂಲಿ. ಹಾಗಾಗಿ ಒಮ್ಮೆ ಇಳಿಸಿದಾಗ ಪ್ಲೇಟ್, ಕವರ್, ರಿಲೀಸ್ ಬೇರಿಂಗ್ ಮೂರನ್ನೂ ಹಾಕಿಸಿ. ಡ್ಯುಯಲ್ ಮಾಸ್ ಫ್ಲೈವ್ಹೀಲ್‌ನ, ಅಂದರೆ ಎಂಜಿನ್ ಅದುರು ತಗ್ಗಿಸುವ ಎರಡು ಭಾಗದ ಚಕ್ರದ, ಸಡಿಲವನ್ನು ಅಳೆಸಿ. ಐಡಲ್‌ನಲ್ಲಿ ಕಟಕಟ ಸದ್ದು ಬಂದು, ಕ್ಲಚ್ ಒತ್ತಿದಾಗ ಬದಲಾದರೆ ಅದರ ಮೇಲೇ ಅನುಮಾನ.

ಗುಂಡಿಗಳಲ್ಲಿ ಮುಂದಿನಿಂದ ಟಕ್ ಎಂದರೆ ಮೊದಲು ಸ್ಟೆಬಿಲೈಸರ್ ಲಿಂಕ್, ಅಂದರೆ ಗಾಡಿ ವಾಲುವುದನ್ನು ತಗ್ಗಿಸುವ ಸರಳಿನ ಕೊಂಡಿ, ನೋಡಿ. ಅಗ್ಗದ ಕೆಲಸ ಅದು. ಅದನ್ನು ಬಿಟ್ಟು ನೇರ ಶಾಕ್ ಅಬ್ಸಾರ್ಬರ್ ಬದಲಿಸಲು ಹೇಳಿದರೆ ಒಪ್ಪಬೇಡಿ. ಚಕ್ರವನ್ನು ಕೆಳಗಿನಿಂದ ಹಿಡಿದಿಡುವ ಲೋವರ್ ಆರ್ಮ್ ಬದಲಿಸಿದರೆ ವ್ಹೀಲ್ ಅಲೈನ್‌ಮೆಂಟ್ ಖರ್ಚನ್ನೂ ಸೇರಿಸಿಕೊಳ್ಳಿ.