ಬಿಳಿಯರಿಗೆ ‘ಪರಂಗಿ’ ಅಂತ ಹೆಸರು ಬಂದಿದ್ದು ಹೇಗೆ?

ಪರಂಗಿ ಅನ್ನೋದು ಬೈಗುಳವಾಗಿ ಹುಟ್ಟಿದ ಮಾತಲ್ಲ. ಇವತ್ತಿನ ಫ್ರಾನ್ಸ್ ಭಾಗವನ್ನು ಆಳಿದ ಫ್ರಾಂಕರು ಅದರ ಮೂಲ. ಕ್ರುಸೇಡ್ ಅಂದರೆ ಜೆರುಸಲೇಮಿಗಾಗಿ ನಡೆದ ಕ್ರೈಸ್ತರ ಧರ್ಮಯುದ್ಧಗಳ ಕಾಲದಲ್ಲಿ ಪಶ್ಚಿಮ ಯುರೋಪಿನಿಂದ ಬಂದವರನ್ನೆಲ್ಲ ಅರಬರು ‘ಇಫ್ರಂಜ್’ ಅನ್ನುತ್ತಿದ್ದರು. ಪಾರಸಿಯಲ್ಲಿ ಅದು ‘ಫರಂಗಿ’. 1510ರಲ್ಲಿ ಗೋವೆ ಹಿಡಿದ ಪೋರ್ಚುಗೀಸರಿಗೆ ಇಲ್ಲಿ ಅದೇ ಹೆಸರು ಅಂಟಿಕೊಂಡಿತು, ಆಮೇಲೆ ಇಂಗ್ಲಿಷರಿಗೂ.

ನಮ್ಮ ಮಲೆನಾಡಿಗೆ ಅವರೇನೂ ದೂರದವರಲ್ಲ. ಕೆಳದಿ ನಾಯಕರ ಸೀಮೆಯ ಕಾಳುಮೆಣಸು ಘಟ್ಟ ಇಳಿದು ಕರಾವಳಿಯ ಬಂದರುಗಳಲ್ಲಿ ಅವರ ಕೈ ಸೇರುತ್ತಿತ್ತು. ಸಾಗರ, ಹೊಸನಗರದ ಹಿತ್ತಿಲುಗಳಲ್ಲಿ ಬೆಳೆಯೋ ಪರಂಗಿ ಹಣ್ಣನ್ನೇ ನೋಡಿ: ಮೂಲ ಅಮೆರಿಕ ಖಂಡ, ಬಂದಿದ್ದು ಯುರೋಪಿನವರ ಹಡಗಿನಲ್ಲಿ, ಉಳಿದಿದ್ದು ಅವರ ಹೆಸರಲ್ಲಿ. ಅವರ ಜೊತೆ ಬಂದ ಲೈಂಗಿಕ ಕಾಯಿಲೆ ಸಿಫಿಲಿಸ್‌ಗೂ ಆಯುರ್ವೇದದ ‘ಭಾವಪ್ರಕಾಶ’ದಲ್ಲಿ ‘ಫಿರಂಗ ರೋಗ’ ಎಂದೇ ಹೆಸರು.

ಬೇರೆ ಕಡೆಯೂ ಹೀಗೇ. ಹಡಗಿನಲ್ಲಿ ಸ್ಕರ್ವಿ (ವಿಟಮಿನ್ ಸಿ ಕೊರತೆಯ ಕಾಯಿಲೆ) ಬಾರದಂತೆ ನಿಂಬೆರಸ ಕುಡಿಯುತ್ತಿದ್ದ ಬ್ರಿಟಿಷ್ ನಾವಿಕರಿಂದ ಬ್ರಿಟಿಷರಿಗೆ ‘ಲೈಮಿ’ ಅನ್ನೋ ಅಡ್ಡಹೆಸರು ಬಂತು. ನ್ಯೂಜಿಲೆಂಡಿನವರು ‘ಕಿವಿ’ ಆಗಿದ್ದು ಹಾರಲಾರದ ಹಕ್ಕಿಯಿಂದ, ಹಣ್ಣಿನಿಂದಲ್ಲ. ಹಣ್ಣಿಗೆ ಆ ಹೆಸರು ಬಂದಿದ್ದು ಆಮೇಲೆ.