ಸಂಪಾದಕರ ಉತ್ತರ: ಸರ್ವೆ ತುಂಬಿದರೆ ಕೈಗೆ ಬರುವುದೆಷ್ಟು?

ತಿಪಟೂರಿನ ಗೃಹಿಣಿಯೊಬ್ಬರು ಬರೆದಿದ್ದಾರೆ: “ದುಡ್ಡು ಕೊಡುವ ಎರಡು ಸರ್ವೆ ಜಾಲತಾಣಗಳಿಗೆ ಸೇರಿದ್ದೇನೆ. ಹತ್ತು ನಿಮಿಷ ಉತ್ತರಿಸಿದ ಮೇಲೆ ‘ನೀವು ಅರ್ಹರಲ್ಲ’ ಎಂದು ಹೊರಗೆ ಹಾಕುತ್ತಾರೆ. ಇದು ಮೋಸವೇ? ವಾಟ್ಸ್‌ಆ್ಯಪ್‌ನಲ್ಲಿ ಇನ್ನೊಬ್ಬರು, 1,200 ರೂಪಾಯಿ ನೋಂದಣಿ ಶುಲ್ಕ ಕಟ್ಟಿದರೆ ಫಾರಂ ತುಂಬುವ ಕೆಲಸ, ವಾರಕ್ಕೆ 8,000 ರೂಪಾಯಿ ಎನ್ನುತ್ತಿದ್ದಾರೆ. ಕಟ್ಟಲೇ? ಹೆಸರು ಹಾಕಬೇಡಿ.”

1,200 ರೂಪಾಯಿ ಖಂಡಿತ ಕಟ್ಟಬೇಡಿ. ಕಾರಣ ಮುಂದೆ ಹೇಳುತ್ತೇವೆ, ಮೊದಲು ಸರ್ವೆಯ ಮಾತು.

ಹೊರಗೆ ಹಾಕಿದ್ದೆಲ್ಲ ಮೋಸವಲ್ಲ. ಸರ್ವೆ ಮಾಡಿಸುವ ಕಂಪನಿಗೆ ಬೇಕಾಗಿರುವುದು ಇಂಥವರೇ ಎಂದಿರುತ್ತದೆ: 25ರಿಂದ 40 ವಯಸ್ಸಿನವರು, ಈಚೆಗೆ ವಾಷಿಂಗ್ ಮಷೀನ್ ಕೊಂಡವರು, ಇನ್ನೂರೇ ಮಂದಿ. ಆರಂಭದ ಪ್ರಶ್ನೆಗಳು ಈ ಜರಡಿಗೇ ಇರುವುದು. ಕೋಟಾ ತುಂಬಿದ್ದರೂ ನಿಮ್ಮನ್ನು ಬಿಟ್ಟುಬಿಡುತ್ತಾರೆ. ಮೂರ್ನಾಲ್ಕು ನಿಮಿಷದೊಳಗೆ ಹೀಗಾದರೆ ಸಹಜ. ಹತ್ತು ನಿಮಿಷ ಕಳೆದ ಮೇಲೆ ಪದೇ ಪದೇ ಆಗುತ್ತಿದ್ದರೆ, ಒಂದೋ ಆ ತಾಣ ಸರಿಯಿಲ್ಲ, ಇಲ್ಲವೇ ನಿಮ್ಮ ಉತ್ತರಗಳು ತಪಾಸಣೆಯಲ್ಲಿ ಬೀಳುತ್ತಿವೆ. ‘ಇಲ್ಲಿ ಮೂರನೆಯದನ್ನೇ ಆರಿಸಿ’ ಎಂಬಂಥ ಪ್ರಶ್ನೆಯನ್ನು ನಡುವೆ ತೂರಿಸಿರುತ್ತಾರೆ. ಮಕ್ಕಳೆಷ್ಟು ಎಂದು ಮೊದಲು ಕೇಳಿ, ಕೊನೆಗೆ ಅವರ ವಯಸ್ಸು ಕೇಳಿ ತಾಳೆ ನೋಡುತ್ತಾರೆ. ಕೋಷ್ಟಕದ ಉದ್ದಕ್ಕೂ ಒಂದೇ ಕಡೆ ಟಿಕ್ ಹಾಕುತ್ತ ಹೋದರೂ, 15 ನಿಮಿಷದ ಸರ್ವೆಯನ್ನು ನಾಲ್ಕೇ ನಿಮಿಷದಲ್ಲಿ ಮುಗಿಸಿದರೂ ತಳ್ಳಿಹಾಕುತ್ತಾರೆ. ಇರುವ ಜಾಗ ಮರೆಮಾಚುವ ವಿಪಿಎನ್ ಹಾಕಿ ಅಮೆರಿಕದಲ್ಲಿರುವಂತೆ ತೋರಿಸಿಕೊಂಡರೆ ಅಥವಾ ಒಬ್ಬರೇ ಎರಡು ಖಾತೆ ತೆರೆದರೆ ಕೂಡಿಟ್ಟ ಪಾಯಿಂಟ್ ಸಮೇತ ಖಾತೆ ಮುಚ್ಚುತ್ತಾರೆ. ಅದು ಗೊತ್ತಾಗುವುದು ಬಹಳ ಸಲ ಹಣ ತೆಗೆಯಲು ಹೋದಾಗಲೇ.

ಗಳಿಕೆಯನ್ನು ಸರ್ವೆಗೆ ಇಷ್ಟು ಎಂದು ನೋಡದೆ ಗಂಟೆಗೆ ಇಷ್ಟು ಎಂದು ಲೆಕ್ಕ ಹಾಕಿ. ಉದಾಹರಣೆಗೆ, ಸರ್ವೆ ತಾಣವಾದ ಸ್ವ್ಯಾಗ್‌ಬಕ್ಸ್‌ನಲ್ಲಿ 100 ಪಾಯಿಂಟ್ ಅಂದರೆ ಒಂದು ಡಾಲರ್. 15 ನಿಮಿಷಕ್ಕೆ 60 ಪಾಯಿಂಟ್ ಎಂದರೆ, ಡಾಲರಿಗೆ 85 ರೂಪಾಯಿ ಹಿಡಿದರೆ, 51 ರೂಪಾಯಿ. ಆ ಒಂದು ಸರ್ವೆ ಸಿಗುವ ಮುಂಚೆ ಮೂರರಲ್ಲಿ ತಲಾ ಐದು ನಿಮಿಷ ಕಳೆದಿದ್ದರೆ, ಅರ್ಧ ಗಂಟೆಗೆ 51 ರೂಪಾಯಿ. ಭಾರತದವರಿಗೆ ಬರುವ ಸರ್ವೆಗಳೂ ಕಡಿಮೆ, ದರವೂ ಕಡಿಮೆ. ಮೊಬೈಲ್ ರೀಚಾರ್ಜ್ ಖರ್ಚು ಹೊರಟರೆ ಸಂತೋಷಪಡಿ, ಮನೆ ಬಾಡಿಗೆಗೆ ಇದನ್ನು ನಂಬಬೇಡಿ.

ದುಡ್ಡು ಯಾವ ರೂಪದಲ್ಲಿ ಬರುತ್ತದೆ ಎಂಬುದನ್ನು ಸೇರುವ ಮುಂಚೆಯೇ ನೋಡಿಕೊಳ್ಳಿ. ಗೂಗಲ್ ಒಪಿನಿಯನ್ ರಿವಾರ್ಡ್ಸ್ ಎಂಬ ಸರ್ವೆ ಆ್ಯಪ್ ಅಸಲಿಯೇ, ಆದರೆ ಆಂಡ್ರಾಯ್ಡ್ ಫೋನಿನಲ್ಲಿ ಕೊಡುವುದು ಪ್ಲೇ ಸ್ಟೋರಿನಲ್ಲಿ ಖರ್ಚು ಮಾಡುವ ಮೊತ್ತ. ಅದು ಬ್ಯಾಂಕಿಗೆ ಬರುವುದಿಲ್ಲ, ವರ್ಷದೊಳಗೆ ಬಳಸದಿದ್ದರೆ ಹೋಗುತ್ತದೆ. ವಿದೇಶದ ಹಣ ತರಿಸಿಕೊಳ್ಳುವ ಪೇಪಾಲ್ ಆದರೆ ಪಾನ್ ಸಂಖ್ಯೆ, ಬ್ಯಾಂಕ್ ಖಾತೆ ಎರಡೂ ಬೇಕು. ಎರಡರಲ್ಲೂ ಹೆಸರು ಒಂದೇ ರೀತಿ ಇರಲಿ. ಮದುವೆಯ ನಂತರ ಒಂದರಲ್ಲಿ ಮಾತ್ರ ಹೆಸರು ಬದಲಿಸಿಕೊಂಡವರು ಸಿಕ್ಕಿಕೊಳ್ಳುವುದು ಇಲ್ಲೇ. ಹೊಸ ತಾಣದಲ್ಲಿ ಪಾಯಿಂಟ್ ಗುಡ್ಡೆ ಹಾಕಬೇಡಿ. ತೆಗೆಯಬಹುದಾದ ಕನಿಷ್ಠ ಮೊತ್ತ ಆದ ಕೂಡಲೇ ತೆಗೆಯಿರಿ. ಅದು ಕೈಗೆ ಬಂದ ಮೇಲೆ ಮುಂದಿನ ಸರ್ವೆ.

ಸರ್ವೆ ಬಿಟ್ಟರೆ, ಫೋನಿನಲ್ಲೇ ಮಾಡುವ ಸಣ್ಣ ಕೆಲಸಗಳಲ್ಲಿ ನಮಗೆ ಮೆಚ್ಚುಗೆಯಾದದ್ದು ಬೆಂಗಳೂರಿನ ‘ಕಾರ್ಯ’ ಸಂಸ್ಥೆಯ ಕ್ರಮ. ಕನ್ನಡ ವಾಕ್ಯಗಳನ್ನು ಫೋನಿನಲ್ಲಿ ಓದಿ ಧ್ವನಿಮುದ್ರಿಸುವ ಕೆಲಸವನ್ನು ಅದು ನಮ್ಮ ಹಳ್ಳಿಗಳಲ್ಲಿ ಮಾಡಿಸಿದೆ. 2023ರಲ್ಲಿ ಅದರ ಕನಿಷ್ಠ ದರ ಗಂಟೆಗೆ ಸುಮಾರು 5 ಡಾಲರ್ ಇತ್ತು. ಕನ್ನಡ ಬಲ್ಲವರ ಸಮಯಕ್ಕೆ ಇಷ್ಟು ಬೆಲೆ ಸಿಗಬೇಕಾದದ್ದೇ.

ಈಗ ಫಾರಂ ಕೆಲಸ. ಇದು ನಡೆಯುವ ರೀತಿ ಹೀಗೆ: ಶುಲ್ಕ ಕಟ್ಟಿಸಿಕೊಂಡು, ಆನ್‌ಲೈನ್‌ನಲ್ಲಿ ‘ಕರಾರು’ ಒಂದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಐದು ದಿನದಲ್ಲಿ ನೂರಾರು ಫಾರಂ, 90 ಶೇಕಡಾ ನಿಖರತೆ ಎಂಬ ಷರತ್ತು. ಮಸುಕಾದ ಅಕ್ಷರಗಳ ಚಿತ್ರ ನೋಡಿ ಟೈಪ್ ಮಾಡಬೇಕು, ತಿದ್ದುವವರೂ ಅವರೇ. ಎಷ್ಟು ಚೆನ್ನಾಗಿ ಮಾಡಿದರೂ ‘ಫೇಲ್’. ಆಮೇಲೆ ವಕೀಲರ ಹೆಸರಿನ ನೋಟಿಸ್, ಕರಾರು ಮುರಿದದ್ದಕ್ಕೆ ಸಾವಿರಾರು ರೂಪಾಯಿ ದಂಡ, ಇಲ್ಲದಿದ್ದರೆ ಕೋರ್ಟ್ ಎಂಬ ಬೆದರಿಕೆ. ಮರ್ಯಾದೆಗೆ ಹೆದರಿ ಕಟ್ಟಿದವರಿಂದ ಮತ್ತೆ ಕೇಳುತ್ತಾರೆ. ಆ ನೋಟಿಸಿಗೆ ಹೆದರಬೇಡಿ, ಒಂದು ಪೈಸೆಯೂ ಕೊಡಬೇಡಿ, ಅದನ್ನು ಹಿಡಿದು ಠಾಣೆಗೆ ಹೋಗಿ.

ಟೆಲಿಗ್ರಾಂನಲ್ಲಿ ವಿಡಿಯೊಗೆ ಲೈಕ್ ಒತ್ತಿಸಿ ಮೊದಲು 150 ರೂಪಾಯಿ ಹಾಕುವವರೂ ಇದೇ ಜಾತಿ. ನಂಬಿಕೆ ಕುದುರಿದ ಮೇಲೆ ‘ಪ್ರೀಪೇಯ್ಡ್ ಟಾಸ್ಕ್’ ಎಂದು ನಿಮ್ಮಿಂದಲೇ ಸಾವಿರಗಟ್ಟಲೆ ಹಾಕಿಸುತ್ತಾರೆ. ‘ನಿಮ್ಮ ಖಾತೆಗೆ ಬಂದ ಹಣವನ್ನು ಬೇರೆಯವರಿಗೆ ಕಳಿಸಿ, ಕಮಿಷನ್ ಇಟ್ಟುಕೊಳ್ಳಿ’ ಎಂದರಂತೂ ಒಪ್ಪಲೇಬೇಡಿ: ಅದು ಕದ್ದ ಹಣವಾಗಿರುತ್ತದೆ, ನಿಮ್ಮ ಖಾತೆ ಸ್ಥಗಿತವಾಗುತ್ತದೆ, ಪೊಲೀಸರು ಬರುವುದು ನಿಮ್ಮ ಮನೆಗೆ.

ಅಕಸ್ಮಾತ್ ಹಣ ಹೋಗಿದ್ದರೆ ಮನೆಯವರಿಗೆ ಹೇಳಲು ನಾಚಿಕೊಂಡು ಕೂರಬೇಡಿ. ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಕಳಿಸಿದಾಗ ಬಂದ ಯುಟಿಆರ್ ಸಂಖ್ಯೆ (ಆ ಪಾವತಿಯ ಗುರುತಿನ ಸಂಖ್ಯೆ), ಮೊತ್ತ, ಸಮಯ ಕೈಯಲ್ಲಿರಲಿ, ಚಾಟ್ ಅಳಿಸಬೇಡಿ. ಬೇಗ ತಿಳಿಸಿದಷ್ಟೂ ಹಣವನ್ನು ದಾರಿಯಲ್ಲೇ ತಡೆಹಿಡಿಯುವ ಅವಕಾಶ ಹೆಚ್ಚು. ಆಧಾರ್, ಪಾನ್ ಪ್ರತಿ ಈಗಾಗಲೇ ಅವರಿಗೆ ಕಳಿಸಿದ್ದರೆ, ನಿಮ್ಮ ಹೆಸರಿನಲ್ಲಿ ಯಾರಾದರೂ ಸಾಲ ಎತ್ತಿದ್ದಾರೆಯೇ ಎಂದು ಸಿಬಿಲ್ ವರದಿ (ನಿಮ್ಮ ಹೆಸರಿನ ಸಾಲಗಳ ದಾಖಲೆ) ತೆಗೆದು ನೋಡಿ. ವರ್ಷಕ್ಕೊಮ್ಮೆ ಅದು ಉಚಿತ.